ನಡೆಮಡಿ

“ಮಡಿ ಯಾರು ಹಾಸೋರ್ರಿ?” ಎಂದು ಮುದುಕಿ ಕೇಳಿದಾಗ ವೈಜಿನಾಥನ ಕೈ ಮಂಡಕ್ಕಿ ಸುಸಲಾದ ತಟ್ಟೆಗೂ ಬಾಯಿಗೂ ನಡುವೆ ಇತ್ತು.

ಭಾಲ್ಕಿಯ ಆ ಪಡಸಾಲೆಯಲ್ಲಿ ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿ ನಡೆದಿತ್ತು. ವೈಜಿನಾಥನ ಮಗಳು ಮಾನಸಿಗೂ ಈ ಮನೆಯ ಅಮಿತಕುಮಾರನಿಗೂ ಬೀದರಿನ ಕಾಲೇಜಿನಲ್ಲಿ ಆದ ಸ್ನೇಹ. ಇಬ್ಬರೂ ಹಟ ಹಿಡಿದು ಎರಡೂ ಮನೆಯವರನ್ನು ಒಪ್ಪಿಸಿದ್ದರು. ಹುಡುಗನ ತಂದೆ ಸಿದ್ದೇಶ್ವರ ದಾಲ್ ಮಿಲ್ಲಿನ ಮಾಲೀಕ, ನಗುಮುಖದ ಮನುಷ್ಯ. “ಇದು ಬಸವಣ್ಣನ ನೆಲ ಅದರೀ. ಒಳಜಾತಿ ಹಿಡ್ಕೊಂಡು ಕೂಡೋ ಮಂದಿ ನಾವಲ್ಲ,” ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟಿದ್ದ. ಮದುವೆ ಬೀದರಿನಲ್ಲಿ ಎಂದು ತೀರ್ಮಾನವಾಗಿತ್ತು. ಅಡುಗೆಯವರ ಮಾತು, ಬಸ್ಸಿನ ಮಾತು ಮುಗಿದಿತ್ತು. ಅಷ್ಟೂ ಹೊತ್ತು ಸಿದ್ದೇಶ್ವರನ ತಾಯಿ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು.

“ಆಯಿ, ಈಗಿನ ಕಾಲದಾಗ ಅದೆಲ್ಲ ಯಾರು ಹಾಸ್ತಾರ, ಬಿಡು,” ಎಂದ ಸಿದ್ದೇಶ್ವರ.

“ಈಗಿನ ಕಾಲದಾಗ ಏನೇನೋ ನಡೀಲತ್ತದಪ್ಪಾ. ನಾ ಯಾವದಕ್ಕರ ಒಲ್ಲೆ ಅಂದೀನೇನು?” ಆಯಿ ಅಡಕೊತ್ತನ್ನು ಕೆಳಗಿಟ್ಟಳು. “ಈ ಮನಿ ಗಂಡಸರು ಮದಿವಿ ದಿನ ಮಣ್ಣಿನ ಮ್ಯಾಲ ಕಾಲ ಇಟ್ಟಿಲ್ಲ. ನನ್ನ ಗಂಡ ಇಟ್ಟಿಲ್ಲ, ನೀನೂ ಇಟ್ಟಿಲ್ಲ. ಹೆಣ್ಣಿನ ಕಡಿ ಅಗಸರು ಮಡಿ ಹಾಸಬೇಕು, ಮದುಮಗ ಅದರ ಮ್ಯಾಲ ನಡದ ಬರಬೇಕು. ನಮ್ಮ ರಿವಾಜ ಇದು.” ಆಮೇಲೆ ಅವಳು ವೈಜಿನಾಥನ ಕಡೆ ತಿರುಗಿ ಬಲು ಮೆತ್ತಗೆ ಕೇಳಿದಳು: “ಎಲ್ಲಾರ ಮನಿಗೂ ಒಂದ ಅಗಸರ ಮನಿ ಇರ್ತದಲ್ರಿ. ನಿಮ್ಮ ಮನಿಗಿ ಯಾವ್ದದ?”

ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವೈಜಿನಾಥನ ಅಪ್ಪ ಮಾಣಿಕಪ್ಪ ಔರಾದ್ ತಾಲೂಕಿನ ಡಾಬಕಾದ ಅಗಸ. ಸಿದ್ದೇಶ್ವರ ಫ್ಯಾನಿನ ಕಡೆ ನೋಡಿದ.

“ಅದಾರ್ರಿ ಆಯಿ,” ಎಂದ ವೈಜಿನಾಥ. ಯೋಚಿಸುವುದಕ್ಕೆ ಮೊದಲೇ ಮಾತು ಹೊರಬಿದ್ದಿತ್ತು. “ಹಾಸಸ್ತೇನ್ರಿ. ಅದಕ್ಕೇನು.”

“ಬಾಡಿಗಿ ಮಂದಿ ಬ್ಯಾಡ ಮತ್ತ. ನಮ್ಮ ಬೀಗರೆಲ್ಲ ನೋಡ್ತಿರ್ತಾರ. ಖರೇ ಅಗಸರ ಇರಬೇಕು. ಆಯಾ ನೀವ ನಿಮ್ಮ ಕೈಲೆ ಕೊಡಬೇಕು.” ಆಯ ಎಂದರೆ ಅಗಸರಿಗೆ ಸಲ್ಲಬೇಕಾದ ಅಕ್ಕಿ, ಬೆಲ್ಲ, ಕೊಬ್ಬರಿ; ಕೊಡುವವನು ನಿಂತು ಮೇಲಿನಿಂದ ಸುರಿಯುತ್ತಾನೆ, ತೆಗೆದುಕೊಳ್ಳುವವರು ಬಗ್ಗಿ ಸೆರಗೊಡ್ಡುತ್ತಾರೆ. ಅದನ್ನು ಯಾರೂ ವೈಜಿನಾಥನಿಗೆ ವಿವರಿಸಬೇಕಾಗಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಶಾಂತಾಬಾಯಿ ಭಾಲ್ಕಿಯ ಕಮಾನು ದಾಟಿದ ಮೇಲೆ ಕೇಳಿದಳು: “ಯಾರ್ನ ತರ್ತೀರಿ?”

“ಸಿಗ್ತಾರ.”

“ಅಗಸರಿಗಿ ಅಗಸರು ಎಲ್ಲಿಂದ ಸಿಗ್ತಾರ?”

“ಸಣ್ಣಗ ಮಾತಾಡು. ಡ್ರೈವರ್ ಅದಾನ.”

*

ಬೀದರಿನಲ್ಲಿ ಯಾವ ಹೋಟೆಲಿನ ಮಂಚದ ಮೇಲೆ ಮಲಗಿದರೂ, ಯಾವ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡರೂ, ಮೈಕೆಳಗಿನ ಚಾದರ ವೈಜಿನಾಥನ ಕಾರ್ಖಾನೆಯಿಂದ ಬಂದದ್ದೇ ಆಗಿರುವ ಸಂಭವ ಹೆಚ್ಚು. ಅದು ಒಂದೇ ದಿನದಲ್ಲಿ ಆದದ್ದಲ್ಲ. ಮಾಣಿಕಪ್ಪ ಡಾಬಕಾ ಬಿಟ್ಟು ಕತ್ತೆಯ ಮೇಲೆ ಗಂಟು ಹೇರಿಕೊಂಡು ಬೀದರಿನ ಮೈಲೂರಿಗೆ ಬಂದಾಗ ಊರು ಕೋಟೆಯ ಸುತ್ತಲೇ ಇತ್ತು. ಲಾಡ್ಜುಗಳ ಬಟ್ಟೆಯನ್ನು ಅವನು ಕೆರೆಯಲ್ಲಿ ಒಗೆಯುತ್ತಿದ್ದ. ಸೋಡಾದಲ್ಲಿ ಅದ್ದಿದ ಬಟ್ಟೆಯನ್ನು ನೀರು ತುಂಬಿದ ಗುಡಾಣದ ಮೇಲೆ ಸುತ್ತಿ ಪೇರಿಸಿ ಕೆಳಗೆ ಬೆಂಕಿ ಹಾಕುತ್ತಿದ್ದ. ಹಬೆ ಬಟ್ಟೆಯ ಪದರು ಪದರಿನಲ್ಲಿ ಏರಿ ಜಿಡ್ಡು ಸಡಿಲಿಸುತ್ತಿತ್ತು. ಹಬೆಯ ಕೆಲಸವನ್ನು ಯಾವ ಕೈಯೂ ಮಾಡಲಾರದು ಎಂಬುದು ಅವನ ತಲೆಯಲ್ಲಿ ಕೂತಿತ್ತು. ಮುಚ್ಚಿಹೋದ ಬಿಸ್ಕತ್ತಿನ ಕಾರ್ಖಾನೆಯ ಬಾಯ್ಲರೊಂದು ಹೈದರಾಬಾದಿನ ಗುಜರಿಯಲ್ಲಿ ಬಿದ್ದಿದೆ ಎಂದು ಕೇಳಿ, ಹೋಗಿ ಲಾರಿಯಲ್ಲಿ ಹೇರಿಕೊಂಡು ಬಂದ. ಅದು ಮೊದಲ ಸಲ ಸೀಟಿ ಹೊಡೆದಾಗ ಮೈಲೂರಿನ ಮಂದಿ ಮನೆ ಬಿಟ್ಟು ಓಡಿದ್ದರಂತೆ. ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು ಬಂತು: ಮಾಚಿದೇವ ಸ್ಟೀಮ್ ಲಾಂಡ್ರಿ.

ಅದೇ ವರ್ಷ, ಮಕ್ಕಳಾಗಲಿಲ್ಲವೆಂದು ಔರಾದಿನ ಗಂಡನ ಮನೆಯವರು ದಾನಮ್ಮನನ್ನು ತಂದು ಬಿಟ್ಟುಹೋದರು. ವೈಜಿನಾಥನ ಅಕ್ಕ. ಅಪ್ಪ ಅವಳನ್ನು ರೋಲರಿನ ಮುಂದೆ ನಿಲ್ಲಿಸಿದ. ಕಾದ ಉರುಳೆಗಳ ನಡುವೆ ಒದ್ದೆ ಚಾದರವನ್ನು ಸುಕ್ಕಿಲ್ಲದಂತೆ ನೂಕುವ ಕೆಲಸ. ಒಂದು ಗಳಿಗೆ ಮೈಮರೆತರೂ ಬೆರಳು ಒಳಗೆ. ಅವಳ ಎರಡೂ ಮುಂಗೈ ಮೇಲೆ ಸುಟ್ಟ ಬರೆಗಳು ಸಾಲಾಗಿ ಬಿದ್ದವು. ತಮ್ಮ ಬಿ.ಎಸ್ಸಿ. ಓದುತ್ತಿದ್ದಷ್ಟು ಕಾಲ ಅವಳು ಅಲ್ಲಿಯೇ ನಿಂತಿದ್ದಳು, ಓದಿ ಬಂದ ಮೇಲೂ ಅಲ್ಲಿಯೇ ನಿಂತಳು.

ಕಾಲೇಜಿನಿಂದ ವೈಜಿನಾಥ ತಂದದ್ದು ನೀರಿನ ಜ್ಞಾನ. ಬೀದರಿನ ಕೆಂಪು ಕಲ್ಲಿನಡಿಯ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಿಳಿ ಬಟ್ಟೆ ನಾಲ್ಕಾರು ಸಲ ಒಗೆಯುವುದರಲ್ಲಿ ಹಳದಿಗೆ ತಿರುಗುತ್ತಿತ್ತು. ಅವನು ನೀರನ್ನು ಸೋಸುವ ಯಂತ್ರ ಕೂಡಿಸಿದ, ಕಲೆಗೊಂದು ರಾಸಾಯನಿಕ ಹುಡುಕಿದ. ಕಲೆ ತೆಗೆಯುವುದು ಎಂದು ಜನ ಅನ್ನುತ್ತಾರೆ, ಎಷ್ಟೋ ಕಲೆಗಳು ಹೋಗುವುದೇ ಇಲ್ಲ, ಬಣ್ಣ ಕಾಣದಂತೆ ಅದರ ಅಣುವಿನ ಕಟ್ಟು ಬದಲಾಗುತ್ತದೆ ಅಷ್ಟೇ ಎಂದು ಅವನು ಕೆಲಸಗಾರರಿಗೆ ಹೇಳುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ಬೋರ್ಡು ಬದಲಾಯಿತು. ವಿ.ಎನ್. ಲಿನನ್ ಸರ್ವಿಸಸ್. ಊರು ರಿಂಗ್ ರೋಡಿನಾಚೆ ಬೆಳೆಯಿತು. ಆಸ್ಪತ್ರೆಗಳು, ಹೋಟೆಲುಗಳು, ಫಂಕ್ಷನ್ ಹಾಲುಗಳು ಬಂದವು. ಕೆರೆಯ ದಂಡೆಯ ಅಗಸರು ಒಬ್ಬೊಬ್ಬರಾಗಿ ಕಲ್ಲು ಬಿಟ್ಟು ಅವನ ಕಾರ್ಖಾನೆಯಲ್ಲಿ ನೀಲಿ ಟೊಪ್ಪಿಗೆ ಹಾಕಿಕೊಂಡರು.

ಮಾನಸಿ ಬೆಳೆದದ್ದೂ ಆ ಕಾರ್ಖಾನೆಯಲ್ಲೇ. ಶಾಂತಾಬಾಯಿಗೆ ಕಮಠಾಣದ ಶಾಲೆಯಲ್ಲಿ ನೌಕರಿ. ಕೂಸು ಇಡೀ ದಿನ ದಾನಮ್ಮನ ಬಳಿ. ರೋಲರಿನಿಂದ ಆಗಷ್ಟೇ ಹೊರಬಂದ ಬೆಚ್ಚನೆ ಚಾದರಗಳ ಗಾಡಿಯಲ್ಲಿ ಅದು ನಿದ್ದೆ ಮಾಡುತ್ತಿತ್ತು. ಮಾತು ಬಂದಾಗ ಮೊದಲು ಕರೆದದ್ದು “ಅತ್ತಿ” ಎಂದು.

ಭಾಲ್ಕಿಯವರು ಹೆಣ್ಣು ನೋಡಲು ಬಂದ ದಿನ ದಾನಮ್ಮ ಕಾರ್ಖಾನೆಯಲ್ಲಿದ್ದಳು. ನಿಶ್ಚಯದ ದಿನವೂ ಅಷ್ಟೇ. ಆಸ್ಪತ್ರೆಯ ಮಾಲು ಬಂದಿದೆ, ನೀನಿಲ್ಲದೆ ಆಗುವುದಿಲ್ಲ ಎಂದು ತಮ್ಮ ಹೇಳಿದ್ದ. ಅವಳು ನಂಬಿದ್ದಳು. ಮಾಲು ಬಂದದ್ದೂ ಸುಳ್ಳಲ್ಲ.

*

ಕಾರ್ಖಾನೆಯ ಅಗಸರನ್ನು ಕೇಳಿದರೆ ಸುದ್ದಿ ಊರೆಲ್ಲ ಹರಡುತ್ತದೆಂದು ವೈಜಿನಾಥ ಡಾಬಕಾಕ್ಕೆ ಹೋದ. ಅಲ್ಲಿ ದೊಡ್ಡಪ್ಪನ ಮಗ ಕಾಶಪ್ಪ ಇನ್ನೂ ಊರ ಬಟ್ಟೆ ಒಗೆದು, ಇಸ್ತ್ರಿ ಹಾಕಿ ಬದುಕುತ್ತಿದ್ದ. ಡ್ರೈವರನನ್ನು ಹೊರಗೆ ಬಿಟ್ಟು ಒಳಗೆ ಹೋದಾಗ ಕಾಶಪ್ಪ ಇದ್ದಿಲ ಪೆಟ್ಟಿಗೆಯ ಬೂದಿ ಕೊಡವುತ್ತಿದ್ದ.

“ಏನ ತಮ್ಮಾ, ಕಾರ ಬಂದು ಬಾಗಲದಾಗ ನಿಂತದ. ಯಾರರ ಸತ್ತಾರೇನು?”

“ಮಗಳ ಮದಿವಿ, ಅಣ್ಣಾ.”

“ಖುಷಿ ಆಯ್ತು. ಕಾರ್ಡ್ ತಾ ನೋಡೋಣ.”

ಕಾರ್ಡು ಇರಲಿಲ್ಲ. ವೈಜಿನಾಥ ಕಟ್ಟೆಯ ಮೇಲೆ ಕೂತು, ಬಂದ ಕೆಲಸ ಹೇಳಿದ. ಕಾಶಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಂದ್ರ ನಾ ಬರಬೇಕು, ಆದ್ರ ಮದಿವಿಗಲ್ಲ. ನನ್ನ ಕಾಕಾನ ಮೊಮ್ಮಗಳ ಮದಿವ್ಯಾಗ ನಾ ನಿನಗ ಅಗಸ ಆಗಬೇಕು. ನೀ ನಿಂತು ಆಯಾ ಹಾಕಬೇಕು, ನಾ ಧೋತರ ಒಡ್ಡಬೇಕು. ಹೌದಿಲ್ಲೋ?”

“ಒಂದ ತಾಸಿನ ಮಾತ, ಅಣ್ಣಾ.”

“ನಿನಗ ಅಗಸ ಬೇಕಾಗ್ಯಾನಂದ್ರ ಇಲ್ಲಿತನಕ ಯಾಕ ಬಂದ್ಯೋ? ನಿನ್ನ ಮನ್ಯಾಗ ಕನ್ನಡಿ ಇಲ್ಲೇನು?” ಕಾಶಪ್ಪ ನಗು ನಿಲ್ಲಿಸಿ ಒಳಗೆ ಕೂಗಿದ: “ಏ, ಸಾವ್ಕಾರ ಬಂದಾರ, ಸಕ್ರಿ ಜಾಸ್ತಿ ಹಾಕಿ ಚಹಾ ಮಾಡ.”

ವೈಜಿನಾಥ ಚಹಾ ಕುಡಿದೇ ಎದ್ದ. ಕುಡಿಯದೆ ಎದ್ದರೆ ಸುದ್ದಿ ಇನ್ನೂ ಬೇಗ ಓಡುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಓಡಿತು. ಉದಗೀರದಲ್ಲಿ ಒಬ್ಬ ಒಪ್ಪಿದವನು ಮಾರನೆಯ ದಿನ ಫೋನು ಎತ್ತಲಿಲ್ಲ. ಜಹೀರಾಬಾದಿನವನು ಯಾರ ಮದುವೆ ಎಂದು ಕೇಳಿ, “ಅವ್ರು ನಮ್ಮವರೇ ಅಲ್ರಿ?” ಎಂದು ಇಟ್ಟುಬಿಟ್ಟ.

ಕೊನೆಗೆ ದಾನಮ್ಮನೇ ಬಂದು ಎದುರಿಗೆ ನಿಂತಳು. ಕಾರ್ಖಾನೆಯಲ್ಲಿ ಊಟದ ಹೊತ್ತು, ಯಂತ್ರಗಳು ನಿಂತಿದ್ದವು.

“ಮಡಿ ಹಾಸೋರ್ನ ಹುಡುಕ್ಕೋತ ಊರೂರು ತಿರಗಲತ್ತೀದಿಯಂತ? ಡ್ರೈವರ್ ಹೇಳಿದ. ನಾ ಸತ್ತೀನೇನೋ?”

ವೈಜಿನಾಥ ತಲೆಯೆತ್ತಿದ.

“ಹುಚ್ಚಪ್ಪಾ! ನಮ್ಮ ಮದಿವ್ಯಾಗ ಮಡಿ ಹಾಸೋರು ಯಾರು? ಮನಿ ಮಗಳು. ನಿನ್ನ ಮದಿವ್ಯಾಗ ಯಾರು ಹಾಸಿದ್ರು? ನಾನ ಹಾಸಿದ್ದೆ. ಅಪ್ಪ ಜರದ ಸೀರಿ ಉಡಿಸಿ, ಮದ್ಲನೇ ಪಂಕ್ತ್ಯಾಗ ಕೂಡಿಸಿದ್ದ. ಮರ್ತೀಯೇನು?” ಅವಳ ಮುಖದಲ್ಲಿ ಬೈಗುಳಕ್ಕಿಂತ ಸಂತೋಷ ಜಾಸ್ತಿ ಇತ್ತು. “ಭಾಲ್ಕ್ಯಾವ್ರು ಮಡಿ ಕೇಳ್ಯಾರಂದ್ರ ದೊಡ್ಡ ಮನಸಿನ ಮಂದಿ ಅದಾರ. ನಮ್ಮ ಪದ್ಧತಿ ಬೇಕಂದ್ರಲ್ಲ! ನಾ ಅಂದ್ಕೊಂಡಿದ್ದೆ, ಅವರು ನಾಚಿಗಿ ಪಡ್ತಾರ ಅಂತ.”

ಮರೆತಿರಲಿಲ್ಲ. ಅಗಸರ ಮನೆಗೆ ಅಗಸರಿಲ್ಲ. ಅಲ್ಲಿ ನಡೆಮಡಿ ಹಾಸುವುದು ಮನೆ ಮಗಳ ಮಾನ. ಅದೇ ಬಟ್ಟೆ, ಅದೇ ಬಗ್ಗುವುದು, ಅದೇ ದಾರಿ. ಆದರೆ ಭಾಲ್ಕಿಯ ಮುದುಕಿ ಕೇಳಿದ್ದು ಅದನ್ನಲ್ಲ. ಹೇಳಬೇಕೆಂದು ವೈಜಿನಾಥ ಬಾಯಿ ತೆರೆದ. ಎಷ್ಟೋ ವಾರಗಳಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿಯುವ ದಾರಿ ಅದೊಂದೇ ಎಂದು ಅದೇ ಗಳಿಗೆಯಲ್ಲಿ ಹೊಳೆಯಿತು. ಅವಳನ್ನು ಭಾಲ್ಕಿಯ ಹಿರಿಯರು ನೋಡಿಲ್ಲ.

“ಆಯ್ತಕ್ಕಾ,” ಎಂದ. “ನೀನ ಹಾಸು.”

ಮನೆಯಲ್ಲಿ ಶಾಂತಾಬಾಯಿ ಸುದ್ದಿ ಕೇಳಿ ಒಲೆ ಆರಿಸಿ ಬಂದಳು. “ಆಕಿಗಿ ಪೂರಾ ಹೇಳಿದ್ರ್ಯಾ?”

“ಹೇಳ್ತೇನಿ.”

“ಈಗ ಹೇಳಬ್ಯಾಡ್ರಿ. ಒಲ್ಲೆ ಅಂದ್ಳಂದ್ರ ಏನ್ ಮಾಡ್ತೀರಿ? ಈ ಮದಿವಿ ಮುರದ್ರ ನಮ್ಮ ಹುಡುಗಿನ ಮತ್ತ ಡಾಬಕಾ ಕಡಿನೇ ಕೊಡಬೇಕಾಗ್ತದ.”

ಮಾನಸಿ ಸೋಫಾದ ಮೇಲೆ ಮೊಬೈಲಿನಲ್ಲಿ ಮೆಹಂದಿಯ ಚಿತ್ರ ನೋಡುತ್ತಿದ್ದಳು. ಕಣ್ಣೆತ್ತದೆ ಹೇಳಿದಳು: “ಅತ್ತಿಗಿ ನಾ ಅಂತೂ ಹೇಳಂಗಿಲ್ಲ.” ಇನ್ನೊಂದು ಚಿತ್ರ ಸರಿಸಿ ಸೇರಿಸಿದಳು: “ಮತ್ತ ಯಾವಾಗರ ಹೇಳ್ರಿ, ಮೇಕಪ್ ಆದ ಮ್ಯಾಲ ನನ್ನ ಕೋಣ್ಯಾಗ ಬಂದು ಅಳೋದು ಕರೆಯೋದು ಬ್ಯಾಡ.”

*

ನಡೆಮಡಿಗೆಂದು ದಾನಮ್ಮ ಎರಡು ಉದ್ದನೆಯ ಹೊಸ ಬಿಳಿ ಬಟ್ಟೆಗಳನ್ನು ತೆಗೆಸಿದಳು. ಅವನ್ನು ಯಂತ್ರಕ್ಕೆ ಹಾಕಗೊಡಲಿಲ್ಲ. ಬಾಯ್ಲರ್ ನೋಡಿಕೊಳ್ಳುವ ಮುನೀರೋದ್ದೀನನಿಂದ ಹಬೆಯ ಒಂದು ಕೊಳವೆ ಬಿಡಿಸಿಕೊಂಡು, ಮಾಣಿಕಪ್ಪನ ಹಳೆಯ ಗುಡಾಣ ತೊಳೆದು, ಅದರಲ್ಲಿಟ್ಟು ಬೇಯಿಸಿದಳು. ಗಂಜಿ ಹಾಕಿದಳು, ನೀಲಿ ಹಾಕಿದಳು.

“ಮಾಲಕ್ರೇ, ದಾನಮ್ಮಾ ಆಪಾನ್ನ ಜರಾ ಸಂಭಾಳಸ್ರಿ,” ಎಂದ ಮುನೀರೋದ್ದೀನ. “ಮದಿವಿ ಹುಡುಗಿದೋ ಇವರದೋ ತಿಳೀಲಾಗ್ಯಾದ. ಮುಂಜಾನಿಂದ ಹಾಡ್ಲತ್ತಾರ. ನನ್ನ ಬಾಯ್ಲರ್ ಸೀಟಿನೇ ಕೇಳ್ಸಲ್ಲ ನನಗ.”

“ನಿನ್ನ ಸೀಟಿ ದಿನಾ ಕೇಳ್ತಿಯಲ್ಲೋ. ಒಂದಿನ ನನ್ನದು ಕೇಳು,” ಎಂದು ದಾನಮ್ಮ ಒಳಗಿನಿಂದ ಕೂಗಿದಳು.

ವೈಜಿನಾಥ ಅವತ್ತೂ ಹೇಳಲಿಲ್ಲ. ಮರುದಿನ ಹೇಳಲು ಹೋದಾಗ ಅವಳು ತನಗೆ ಕೊಂಡ ಸೀರೆ ಬಿಚ್ಚಿ ತೋರಿಸಿದಳು: ಹಸಿರು ಒಡಲು, ಕೆಂಪು ಅಂಚು. “ಬಣ್ಣ ಬಿಡ್ತದೇನು ನೋಡು, ನೀ ಓದಿದಾಂವ,” ಎಂದಳು. ಅವನು ಅಂಚನ್ನು ಬೆರಳ ನಡುವೆ ತಿಕ್ಕಿ ನೋಡಿ, ಬಿಡುವುದಿಲ್ಲ ಎಂದ.

ಹೇಳಿದ್ದು ಮದುವೆಯ ಮುಂಜಾನೆ, ಫಂಕ್ಷನ್ ಹಾಲಿನ ಹಿಂಬದಿಯ ಕೋಣೆಯಲ್ಲಿ. ಅವನದೇ ಕಾರ್ಖಾನೆಯಿಂದ ಬಂದ ಕುರ್ಚಿಗವಸುಗಳ ಗಂಟುಗಳು ಅಲ್ಲಿ ಬಿದ್ದಿದ್ದವು. ದಾನಮ್ಮ ಹಸಿರು ಸೀರೆಯುಟ್ಟು, ಮಲ್ಲಿಗೆ ಮುಡಿದು, ನಡೆಮಡಿಯ ಮಡಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವೈಜಿನಾಥನ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು.

“ಅಕ್ಕಾ, ಸೀರಿ ಬದಲ ಮಾಡಬೇಕು.”

“ಯಾಕ? ಛಲೋ ಕಾಣಲ್ಲೇನು?”

ಅವನು ಹೇಳಿದ. ಭಾಲ್ಕಿಯ ಪಡಸಾಲೆಯಲ್ಲಿ ನಡೆದದ್ದನ್ನು ಕ್ರಮವಾಗಿ, ಒಂದೂ ಬಿಡದೆ, ಪ್ರಯೋಗದ ವರದಿ ಒಪ್ಪಿಸುವಂತೆ ಹೇಳಿದ. ಅವಳು ಇವತ್ತು ಮನೆ ಮಗಳಲ್ಲ. ಯಾರಾದರೂ ಕೇಳಿದರೆ ಮನೆಯ ಅಗಸಗಿತ್ತಿ. ಮಾನಸಿಯನ್ನು ಹೆಸರು ಹಿಡಿದು ಕರೆಯಬಾರದು. ಪಂಕ್ತಿಯಲ್ಲಿ ಕೂರಬಾರದು, ಊಟ ಹಿಂದಿನಿಂದ ಕಟ್ಟಿಸಿ ಕೊಡುತ್ತಾರೆ. ಆಯ ತೆಗೆದುಕೊಂಡು ಹೋಗಬೇಕು. “ಒಂದ ತಾಸಿನ ಮಾತ, ಅಕ್ಕಾ,” ಎಂದ. ಡಾಬಕಾದಲ್ಲೂ ಅದನ್ನೇ ಹೇಳಿದ್ದು ನೆನಪಾಯಿತು.

ದಾನಮ್ಮ ಅಳಲಿಲ್ಲ. ಅವನು ಅವಳ ಅಳುವಿಗೆ ತಯಾರಾಗಿ ಬಂದಿದ್ದ. ಅತ್ತರೆ ಹೇಳಬೇಕಾದ ಮಾತುಗಳೆಲ್ಲ ಹಾಗೇ ಉಳಿದವು. ಅವಳು ಕೇಳಿದ್ದು ಒಂದೇ: “ಮಾನಸಿಗಿ ಗೊತ್ತದೇನು?”

“ಗೊತ್ತದ.”

“ಹೂಂ.” ಅವಳು ಚೀಲ ತೆಗೆದುಕೊಂಡಳು. ಒಳಗಿದ್ದದ್ದು ಮಾಸಿದ ಕಂದು ಸೀರೆ. ಯಾರೋ ಕೊಟ್ಟು, ಬಿಡಿಸಿಕೊಳ್ಳದೆ ಹೋದ ಬಟ್ಟೆಗಳ ರಾಶಿಯಿಂದ ಅವನು ಆರಿಸಿ ತಂದಿದ್ದ. ದಾನಮ್ಮ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು, ರೂಢಿಯಂತೆ ತಿರುವಿ ನೋಡಿದಳು. “ಇದರ ಕಲಿ ಹೋಗಿಲ್ಲ,” ಎಂದಳು. “ಹೊರಗ ನಿಂದ್ರು. ಉಟ್ಕೊಂಡು ಬರ್ತೇನಿ.”

*

ಬಿಸಿಲು ಏರಿತ್ತು. ಹಲಗೆ ಬಾರಿಸುವವರು ಮುಂದೆ, ಹುಡುಗರ ಕುಣಿತ ಹಿಂದೆ. ಹಾಲಿನ ಗೇಟಿನಲ್ಲಿ ಅಮಿತಕುಮಾರ ಚಪ್ಪಲಿ ಬಿಟ್ಟು ಕಾದ ಫರಸಿ ಕಲ್ಲಿನ ಅಂಚಿಗೆ ನಿಂತ. ದಾನಮ್ಮ ಬಗ್ಗಿ ಮೊದಲ ಬಟ್ಟೆ ಹಾಸಿದಳು, ಅದರ ತುದಿಗೆ ಎರಡನೆಯದನ್ನು ಜೋಡಿಸಿದಳು. ಮದುಮಗ ಮೊದಲನೆಯದನ್ನು ದಾಟಿದೊಡನೆ ಅದನ್ನು ಹಿಂದಿನಿಂದ ಬಾಚಿಕೊಂಡು, ಗುಂಪನ್ನು ಬಳಸಿ ಓಡಿ, ಮತ್ತೆ ಮುಂದೆ ಹಾಸಬೇಕು. ಗೇಟಿನಿಂದ ಮಂಟಪದವರೆಗೆ ದಾರಿ ಉದ್ದವಿತ್ತು. ಎರಡನೆಯ ಸುತ್ತಿಗೇ ಅವಳ ಉಸಿರು ಸಿಳ್ಳೆಯಾಗತೊಡಗಿತು.

“ಏ ಅವ್ವಾ, ಜಲ್ದಿ ಜಲ್ದಿ! ಮದುಮಗನ ಕಾಲ ಸುಡ್ಲತ್ತಾವ!” ಎಂದು ಗೆಳೆಯನೊಬ್ಬ ಕೂಗಿದ. ಇನ್ನೊಬ್ಬ ಬೂಟು ಹಾಕಿದ ಕಾಲಲ್ಲೇ ಬಟ್ಟೆಯ ಮೇಲೆ ಕುಣಿದ. ಅವಳು ಎಳೆದಾಗ ಅವನು ಬೇಕಂತಲೇ ಸರಿಯಲಿಲ್ಲ; ಅವಳು ಕೈ ಚಾಚಿ ಕಾಯುತ್ತ ಬಗ್ಗಿಯೇ ನಿಂತಳು. ಮೊಬೈಲುಗಳು ಮೇಲೆದ್ದವು. ಅಮಿತಕುಮಾರ ಎಷ್ಟೋ ಸಲ ಲಾಂಡ್ರಿಗೆ ಬಂದು ಇವಳ ಕೈಯ ಚಹಾ ಕುಡಿದವನು. ಅವನು ಅವಳ ತಲೆಯ ಮೇಲಿನಿಂದ ಮಂಟಪದ ಹೂವುಗಳನ್ನು ನೋಡುತ್ತ ನಡೆದ.

ವೈಜಿನಾಥ ಬೀಗರ ಜೊತೆ ರೇಷ್ಮೆಯ ರುಮಾಲು ಸುತ್ತಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ. ಬಿಳಿ ಬಟ್ಟೆಯ ಮೇಲೆ ಕೆಂಪು ಮಣ್ಣಿನ ಹೆಜ್ಜೆಗಳು ಮೂಡುತ್ತಿದ್ದವು. ಕಬ್ಬಿಣದ ಕಲೆ, ಆಕ್ಸಾಲಿಕ್ ಆಮ್ಲ ಹಾಕಿದರೆ ಹೋಗುತ್ತದೆ ಎಂದು ಅವನ ತಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿತು.

ಅಕ್ಕಿಕಾಳು ಬಿದ್ದು ಲಗ್ನ ಮುಗಿದ ಮೇಲೆ ಆಯಿ ಮಂಟಪದ ಕೆಳಗೆ ಕುರ್ಚಿ ಹಾಕಿಸಿಕೊಂಡಳು. “ಎಲ್ಲದಾಳ ನಿಮ್ಮ ಅಗಸಗಿತ್ತಿ? ಕರೀರಿ. ಆಯಾ ಕೊಡೋದು ಆಗಲಿ.”

ದಾನಮ್ಮ ಬಂದಳು. ಸುತ್ತ ಬೀಗರು ಸೇರಿದರು. ಶಾಂತಾಬಾಯಿ ಅಕ್ಕಿ, ಬೆಲ್ಲ ತುಂಬಿದ ಪರಾತ ತಂದು ಗಂಡನ ಕೈಗಿತ್ತು ಸರಿದುಕೊಂಡಳು. ದಾನಮ್ಮ ಮೊಣಕಾಲೂರಿ ಸೆರಗು ಒಡ್ಡಿದಳು. ವೈಜಿನಾಥ ಅಕ್ಕಿ ಸುರಿದ. ಸ್ವಲ್ಪ ಸೆರಗಿನಾಚೆ ನೆಲಕ್ಕೆ ಬಿತ್ತು.

“ಚೆಲ್ಲಬ್ಯಾಡ್ರಿ,” ಎಂದಳು ಆಯಿ. “ಆರಿಸ್ಕೋ ಯವ್ವಾ. ಲಕ್ಷ್ಮಿ ಅದು.”

ದಾನಮ್ಮ ಒಂದೊಂದಾಗಿ ಕಾಳು ಆರಿಸಿಕೊಂಡಳು. ಮುಂಗೈಯ ಬರೆಗಳು ಎಲ್ಲರಿಗೂ ಕಾಣುತ್ತಿದ್ದವು. ಆಮೇಲೆ ಅವಳು ತಲೆ ಬಾಗಿಸಿ, ವೈಜಿನಾಥ ಸಣ್ಣವನಿದ್ದಾಗ ಡಾಬಕಾದ ಮನೆಮನೆಯ ಬಾಗಿಲಲ್ಲಿ ಕೇಳುತ್ತಿದ್ದ ತಾಯಿಯ ರಾಗದಲ್ಲಿ ಅಂದಳು: “ಧಣ್ಯಾರ ಮನಿ ತುಂಬಿ ಹರೀಲಿ. ಧಣ್ಯಾರ ಮಗಳು ಮುತ್ತೈದಿ ಆಗಿ ಬಾಳಲಿ.”

“ಮದುಮಗಳ ಅರಿಶಿಣ ಸೀರಿನೂ ಆಕಿಗೇ ಸೇರಬೇಕಲ್ಲ?” ಎಂದಳು ಆಯಿ. ಮುಂಜಾನೆ ಅರಿಶಿಣ ಹಚ್ಚಿ ಸುರಗಿ ನೀರು ಹಾಕಿ ಮೀಯಿಸಿದಾಗ ಉಟ್ಟ ಹತ್ತಿಯ ಸೀರೆ ಅದು. ಯಾರೋ ಒಳಗಿನಿಂದ ತಂದು ಮಾನಸಿಗೆ ಕೊಟ್ಟರು. ಇನ್ನೂ ಒದ್ದೆಯಿತ್ತು. ಮಾನಸಿ ಜರತಾರಿ ಸೀರೆಗೆ ತಾಗದಂತೆ ಎರಡು ಬೆರಳಲ್ಲಿ ಹಿಡಿದು ಮಂಟಪದ ಅಂಚಿಗೆ ಬಂದಳು.

“ಈಕಿ ಯಾರು, ನಿಮ್ಮ ಮನ್ಯಾಗ ಇರ್ತಾಳೇನು?” ಎಂದು ಪಕ್ಕದಲ್ಲಿದ್ದ ನಾದಿನಿ ಕೇಳಿದಳು.

“ಇಲ್ಲ,” ಎಂದಳು ಮಾನಸಿ. “ಲಾಂಡ್ರಿಯಾಕಿ.”

ಅವಳು ಬೆರಳು ಬಿಟ್ಟಳು. ಸೀರೆ ಅಕ್ಕಿಯ ಮೇಲೆ ಬಿತ್ತು. ದಾನಮ್ಮ ಒಂದು ಗಳಿಗೆ ಮೇಲೆ ನೋಡಿದಳು, ಮದುಮಗಳ ಮುಖವನ್ನಲ್ಲ, ಆ ಬಿಟ್ಟ ಬೆರಳುಗಳನ್ನು. ಆಮೇಲೆ ಸೆರಗಿನ ಗಂಟು ಕಟ್ಟಿಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ಸರಿದು ಹೋದಳು. ಹಾಗೆ ಸರಿಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಊಟದ ಗದ್ದಲದಲ್ಲಿ ಆಯಿ ಕೈಸನ್ನೆ ಮಾಡಿ ವೈಜಿನಾಥನನ್ನು ಹತ್ತಿರ ಕರೆದಳು. ಅವನು ಬಗ್ಗಿದ. ಅವಳ ಬಾಯಲ್ಲಿ ಎಲೆಯಡಿಕೆಯ ವಾಸನೆ ಇತ್ತು.

“ಛಲೋ ಮಾಡ್ದಿ, ತಮ್ಮಾ. ನಿನ್ನ ಕೈಲೆ ಆಗಂಗಿಲ್ಲ ಅಂತ ತಿಳ್ದಿದ್ದೆ.” ಅವಳು ಅವನ ಮುಖವನ್ನು ಸಾವಕಾಶವಾಗಿ ನೋಡಿದಳು. “ಅದ ಮೂಗು, ಅದ ಹಣಿ. ಇಬ್ಬರ ಮಾರೀನೂ ಒಂದ ಅಚ್ಚಿನಾಗ ತಗದಾಂಗ ಅದಾವ. ತಂಗಿಯೋ, ಅಕ್ಕನೋ?”

ಅವನ ಉತ್ತರಕ್ಕೆ ಆಯಿ ಕಾಯಲಿಲ್ಲ. “ಹೋಗು, ಬೀಗರಿಗಿ ಹೋಳಿಗಿ ಹಾಕ್ಸು,” ಎಂದು ಅವನ ಭುಜ ತಟ್ಟಿದಳು.

*

ಮಗಳನ್ನು ಭಾಲ್ಕಿಗೆ ಕಳಿಸಿ, ಮರುದಿನ ನೆಂಟರೆಲ್ಲ ಚದುರಿದ ಮೇಲೆ ವೈಜಿನಾಥ ಕಾರ್ಖಾನೆಗೆ ಬಂದ. ಅಕ್ಕ ಈ ಹೊತ್ತಿಗೆ ಡಾಬಕಾಕ್ಕೆ ಹೋಗಿರುತ್ತಾಳೆಂದು ಅವನು ಅಂದುಕೊಂಡಿದ್ದ. ಹೋಗಿದ್ದರೆ ಕರೆಯಲು ಹೋಗಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವಳು ಎಲ್ಲಿಗೂ ಹೋಗಿರಲಿಲ್ಲ. ಡಾಕ್ಟರುಗಳ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುವ ಪ್ರೆಸ್ಸಿನ ಮುಂದೆ ನಿಂತಿದ್ದಳು.

“ಮಾಲಕ್ರೇ, ಬರ್ರಿ ಬರ್ರಿ,” ಎಂದ ಮುನೀರೋದ್ದೀನ. ಮದುವೆಯ ದಿನ ಬಾಯ್ಲರ್ ಬಿಟ್ಟು ಬರಲಾಗದ ಅವನಿಗೆ ಏನೂ ಗೊತ್ತಿರಲಿಲ್ಲ. “ಮುಂಜಾನಿಂದ ಇಡೀ ಕಾರ್ಖಾನಿ ಘಮಾ ಘಮಾ ಅನ್ಲತ್ತದ. ಡಾಕ್ಟರ್‌ಗೋಳೆಲ್ಲ ನಾಳಿಗಿ ಮದುಮಕ್ಕಳಾಗಿ ಆಪರೇಶನ್ ಮಾಡ್ತಾರ ನೋಡ್ರಿ.”

ಪ್ರೆಸ್ಸಿನ ಕೆಳಹಲಗೆಗೆ ದಪ್ಪ ಬಟ್ಟೆಯ ಮೆತ್ತೆ ಹೊದಿಸಿರುತ್ತಾರೆ. ಸುಟ್ಟು ಕಪ್ಪಾದಾಗ ಬದಲಿಸುತ್ತಾರೆ. ಅವತ್ತು ಅದರ ಮೇಲೆ ಮದುಮಗಳ ಹಳದಿ ಹತ್ತಿಯ ಸೀರೆ ಬಿಗಿದಿತ್ತು. ಅಳತೆಗೆ ಸರಿಯಾಗಿ ಕತ್ತರಿಸಿ, ಪದರು ಮಾಡಿ, ನಾಲ್ಕೂ ಅಂಚಿಗೆ ನೀಟಾಗಿ ಹೊಲಿಗೆ ಹಾಕಿತ್ತು. ಮೆತ್ತೆಯಲ್ಲಿ ಹಿಂದಿನ ಸೋಡಾದ ಪಸೆ ಉಳಿದ ಕಡೆ ಅರಿಶಿಣ ಕೆಂಪಗೆ ತಿರುಗಿತ್ತು. ಉಳಿದ ತುಂಡುಗಳನ್ನು ಉಳಿದ ಪ್ರೆಸ್ಸುಗಳಿಗೂ ಹಂಚಿದ್ದಳು. ಸಾಲಿಗೆ ಸಾಲು ಹಳದಿ.

“ಅಕ್ಕಾ,” ಎಂದ ವೈಜಿನಾಥ.

ನೀಲಿ ಟೊಪ್ಪಿಗೆಯ ತಲೆಗಳು ಒಂದೆರಡು ತಿರುಗಿದವು. ದಾನಮ್ಮ ತಿರುಗಲಿಲ್ಲ. ಹಳದಿಯ ಮೇಲೆ ತೆಳುವಾದ ಬಿಳಿ ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಕೋಟಿನ ತೋಳು ಎಳೆದು ಸರಿಮಾಡಿ, ಕಾಲಿನಿಂದ ಪೆಡಲು ಒತ್ತಿದಳು. ಮೇಲಿನ ಕಬ್ಬಿಣ ಇಳಿದು ಕೂತಿತು. ಹಬೆ ಎರಡೂ ಕಡೆಯಿಂದ ನುಗ್ಗಿ ಅವಳ ಮುಖ ಮುಚ್ಚಿತು. ಬೆಚ್ಚನೆಯ, ಒದ್ದೆ ಅರಿಶಿಣದ ವಾಸನೆ ಅವನವರೆಗೂ ಬಂತು. ಹಬೆ ಮೇಲೇರಿ ತಗಡಿನ ಚಾವಣಿಗೆ ತಾಗಿ ತಣಿಯಿತು. ಅಲ್ಲಿಂದ ಹನಿಹನಿಯಾಗಿ ಅವನ ಹೆಗಲ ಮೇಲೆ, ನೆಲದ ಮೇಲೆ ಬೀಳತೊಡಗಿತು. ಬಿದ್ದ ಹನಿಗಳಿಗೆ ಬಣ್ಣವಿರಲಿಲ್ಲ.